ಮೂರು ಗಂಟೆಗೆ ಬಾಗಿಲು ಹಾಕುವ ಹೋಟೆಲು



ಕಳೆದ ಬೇಸಿಗೆಯಲ್ಲಿ ನಾವು ಕುಟುಂಬ ಸಮೇತ ಅಮೆರಿಕಕ್ಕೆ ಹೋಗಿ ಬಂದೆವು. ಮಗ-ಸೊಸೆ ಡಲ್ಲಾಸಿನಲ್ಲಿದ್ದಾರೆ. ಮುಂಬಯಿಗೆ ಬಂದು 32 ವರ್ಷವಾಯಿತು. ಹೋಟೆಲು ಬಿಟ್ಟು ಒಟ್ಟಿಗೆ 20 ದಿನ ದೂರ ಇದ್ದದ್ದು ಇದೇ ಮೊದಲು. ಅಮೆರಿಕ ನೋಡಿ ಬಂದವರು ನಯಾಗರಾ, ನ್ಯೂಯಾರ್ಕ್ ಎಂದು ವರ್ಣಿಸುವುದು ವಾಡಿಕೆ. ನಾವು ಬರೆಯುವುದು ಟೆಕ್ಸಾಸಿನ ವೇಕೋ ಎಂಬ ಊರಿನ ಒಂದು ಹೋಟೆಲಿನ ಬಗ್ಗೆ. ನಮ್ಮ ದಂಧೆಯವರೆಲ್ಲ ಕೂತು ಮಾತಾಡಬೇಕಾದ ಒಂದು ವಿಷಯ ಅಲ್ಲಿ ಕಂಡಿತು.

ಡಲ್ಲಾಸಿನಿಂದ ವೇಕೋ ಸುಮಾರು 150 ಕಿ.ಮೀ. ಅಲ್ಲಿನ ಚಿಪ್ ಗೇನ್ಸ್ ಮತ್ತು ಜೊವಾನಾ ಗೇನ್ಸ್ ಎಂಬ ಗಂಡ-ಹೆಂಡತಿ ಅಮೆರಿಕದ ಮನೆಮನೆಗೂ ಗೊತ್ತು. ಹಳೇ ಮನೆಯನ್ನು ರಿಪೇರಿ ಮಾಡಿ ಹೊಸದಾಗಿಸುವ 'ಫಿಕ್ಸರ್ ಅಪ್ಪರ್' ಎಂಬ ಟಿ.ವಿ. ಕಾರ್ಯಕ್ರಮ ಇವರದ್ದು. 2013ರಿಂದ 2018ರವರೆಗೆ ಎಚ್‌ಜಿಟಿವಿಯಲ್ಲಿ ಬಂತು. ನಮ್ಮ ಸೊಸೆಗೆ ಇದರ ಹುಚ್ಚು. ಭಾನುವಾರ ಹೋಗೋಣ ಎಂದೆವು. "ಮಾವ, ಭಾನುವಾರ ಅವರ ಅಂಗಡಿಯೂ ಇಲ್ಲ, ಹೋಟೆಲೂ ಇಲ್ಲ, ಎಲ್ಲಾ ಬಂದ್" ಎಂದಳು. ಪ್ರವಾಸಿಗರನ್ನೇ ನಂಬಿದ ಊರಲ್ಲಿ ಭಾನುವಾರ ಬಂದ್! ಇವರಿಗೆ ವ್ಯಾಪಾರ ಗೊತ್ತಿಲ್ಲ ಎಂದು ನಾವು ನಕ್ಕೆವು. ಕೊನೆಗೆ ಶನಿವಾರ ಹೊರಟೆವು.

ಹೋಟೆಲಿನ ಹೆಸರು ಮ್ಯಾಗ್ನೋಲಿಯಾ ಟೇಬಲ್. ಮೊದಲು ಇದು ಎಲೀಟ್ ಕೆಫೆ ಎಂಬ ಹಳೇ ಹೋಟೆಲು, 1919ರಲ್ಲಿ ಶುರುವಾದದ್ದು. ಗೇನ್ಸ್ ದಂಪತಿ ಅದನ್ನು 2016ರಲ್ಲಿ ಕೊಂಡು, ಕಟ್ಟಡ ಕೆಡವದೆ ಸರಿಮಾಡಿ 2018ರಲ್ಲಿ ಬಾಗಿಲು ತೆರೆದರು. ಒಂಬತ್ತಕ್ಕೆ ತಲುಪಿ ಹೆಸರು ಬರೆಸಿದೆವು. ಮುಕ್ಕಾಲು ಗಂಟೆ ಹೊರಗೆ ಕಾಯಬೇಕಾಯಿತು. ಒಳಗೆ ಬಿಸ್ಕಿಟ್ ಅವರ ಹೆಸರುವಾಸಿ ತಿಂಡಿ. ನಮ್ಮ ಬಿಸ್ಕೀಟು ಅಲ್ಲ, ಬೆಣ್ಣೆ ಹಾಕಿ ಬೇಯಿಸಿದ ಮೆತ್ತಗಿನ ಬನ್ನಿನಂಥದ್ದು. ನಮ್ಮ ಮನೆಯಾಕೆ ಮೊಟ್ಟೆ ಮುಟ್ಟುವವಳಲ್ಲ. ಬಡಿಸುವ ಹುಡುಗಿಯನ್ನು ಕೇಳಿದಾಗ ಅವಳು ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು, "ಇದರಲ್ಲಿ ಮೊಟ್ಟೆ ಇದೆ" ಎಂದು ಹೇಳಿದಳು. ಬೇರೆ ಏನು ತಿನ್ನಬಹುದು ಎಂದೂ ತೋರಿಸಿದಳು. ಆಕೆ ಹುರಿದ ಆಲೂಗಡ್ಡೆ ಮತ್ತು ಹಣ್ಣಿನಲ್ಲಿ ಸುಧಾರಿಸಿದಳು. ರುಚಿಯಲ್ಲಿ ನಮ್ಮ ಇಡ್ಲಿ-ವಡೆಯ ಮುಂದೆ ಅದೇನೂ ದೊಡ್ಡದಲ್ಲ, ಇದು ನಮ್ಮ ಅಭಿಪ್ರಾಯ.

ಅಲ್ಲಿಂದ ಅವರ ಅಂಗಡಿಗಳಿಗೆ ಹೋದೆವು. 1950ರಲ್ಲಿ ಕಟ್ಟಿದ, ಹತ್ತಿಬೀಜದ ಎಣ್ಣೆ ಕಂಪನಿಯೊಂದರ ಎರಡು ಭಾರೀ ತಗಡಿನ ಕಣಜಗಳು. ಅವಕ್ಕೆ ಸೈಲೋ ಎನ್ನುತ್ತಾರೆ. ತುಕ್ಕು ಹಿಡಿದದ್ದನ್ನು ಹಾಗೆಯೇ ಬಿಟ್ಟಿದ್ದಾರೆ. ಅದರ ಬುಡದಲ್ಲಿ 2015ರಿಂದ ಅಂಗಡಿ. ಆಮೇಲೆ ಬೇಕರಿ ಬಂತು, ಹುಲ್ಲಿನ ಅಂಗಳ ಬಂತು, ತಿಂಡಿ ಗಾಡಿಗಳೂ ಬಂದವು. ಬೇಕರಿಯ ಎದುರು ಸಾಲು ನೋಡಿದರೆ ನಮ್ಮ ಗಣೇಶೋತ್ಸವದ ನೆನಪಾಗಬೇಕು. ಮಕ್ಕಳು ಅಂಗಳದಲ್ಲಿ ಓಡಾಡುತ್ತಿದ್ದರು, ಎದ್ದೇಳಿ ಎಂದು ಯಾರೂ ಹೇಳುವವರಿಲ್ಲ.

ಸಂಗತಿ ನಡೆದದ್ದು ಆಮೇಲೆ. ಮನೆಯಾಕೆ ಕನ್ನಡಕದ ಡಬ್ಬಿಯನ್ನು ಬೆಳಿಗ್ಗೆ ತಿಂಡಿ ತಿಂದ ಹೋಟೆಲಿನಲ್ಲೇ ಮರೆತಿದ್ದಳು. ವಾಪಸು ಹೋದಾಗ ಮೂರು ದಾಟಿ ಹತ್ತು ನಿಮಿಷ. ಬಾಗಿಲು ಹಾಕಿತ್ತು! ಅಲ್ಲಿ ಬೆಳಿಗ್ಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ ಮಾತ್ರ, ಮೂರಕ್ಕೆ ಮುಗಿಯಿತು. ಶನಿವಾರ, ಊರು ತುಂಬ ಜನ, ಎದುರಿಗೇ ಇನ್ನೂ ಎರಡು ಕಾರು ಬಂದು ನಿಂತು ತಿರುಗಿ ಹೋದವು. ಬೆಳಿಗ್ಗಿನ ಅದೇ ಹುಡುಗಿ ಡಬ್ಬಿ ತಂದು ಕೊಟ್ಟು, ಬ್ಯಾಗು ಹೆಗಲಿಗೆ ಹಾಕಿ ಮನೆಗೆ ಹೊರಟಳು. ಮನೆಯಾಕೆ ಹೇಳಿದಳು, "ನೋಡಿ ಮಾರಾಯ್ರೇ, ಇವರಿಗೆಲ್ಲ ಸಂಜೆ ಎಂಬುದು ಉಂಟು."

ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಮಗ ನಿಧಾನವಾಗಿ ಹೇಳಿದ, "ಅಪ್ಪ, ನೀವು ನನ್ನ ಶಾಲೆಗೆ ಒಂದು ಸಲ ಬಂದಿದ್ದಿರಿ. ಅದೂ ಫೀಸು ಕಟ್ಟಲಿಕ್ಕೆ." ದೂರಿನ ಹಾಗೆ ಹೇಳಲಿಲ್ಲ. ಆದರೆ ನಮಗೆ ಉತ್ತರ ಹೊಳೆಯಲಿಲ್ಲ.

ಬಾಂಧವರೇ, ನಮ್ಮ ಸಭೆಗಳಲ್ಲಿ ಪ್ರತಿ ವರ್ಷ ಒಂದೇ ಮಾತು: ಮಕ್ಕಳು ಹೋಟೆಲಿಗೆ ಬರುವುದಿಲ್ಲ, ನಮ್ಮ ನಂತರ ಗಲ್ಲಾದಲ್ಲಿ ಕೂರುವವರಿಲ್ಲ. ಯಾಕೆ ಬರಬೇಕು? ಬೆಳಿಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮನೆ ಸೇರುವ ಅಪ್ಪನನ್ನು ಅವರು ಕಂಡದ್ದೇ ನಿದ್ದೆಯಲ್ಲಿ. ಗಲ್ಲಾದ ಹಣ ಎಣಿಸಿದ್ದು ನೋಡಿದ್ದಾರೆ, ಅದನ್ನು ಖರ್ಚು ಮಾಡಲು ನಮಗೆ ಪುರುಸೊತ್ತು ಇಲ್ಲದ್ದನ್ನೂ ನೋಡಿದ್ದಾರೆ. ಓದಿ ನೌಕರಿ ಹಿಡಿದರು. ತಪ್ಪು ಅವರದ್ದಲ್ಲ.

ಗೇನ್ಸ್ ದಂಪತಿಯ ಮೊದಲ ಅಂಗಡಿ 2003ರದ್ದು, ಚಿಕ್ಕದು. ಮಕ್ಕಳು ಸಣ್ಣವರಿದ್ದಾಗ ಜೊವಾನಾ ಅದನ್ನು ಕೆಲವು ವರ್ಷ ಮುಚ್ಚಿಯೇ ಇಟ್ಟಿದ್ದರು. ಈಗ ಐದು ಮಕ್ಕಳು. ಮುಚ್ಚಿದ ಅಂಗಡಿ ಮತ್ತೆ ತೆರೆಯಿತು, ಗಿರಾಕಿಗಳೂ ಬಂದರು.

ನೀವು ಹೇಳಬಹುದು, ಅವರಿಗೆ ಟಿ.ವಿ. ಇದೆ, ಪುಸ್ತಕ ಇದೆ, ಕಟ್ಟಡ ಸ್ವಂತದ್ದು. ನಮಗೆ ಬಾಡಿಗೆ, ಪಾರ್ಸೆಲ್ ಕಂಪನಿಗಳ ಕಮಿಷನ್, ದಿನದಿನದ ಗ್ಯಾಸು. ಮುಚ್ಚಿದರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಈ ಮಾತು ನಿಜ, ಸುಳ್ಳು ಎನ್ನುವುದಿಲ್ಲ. ಆದರೆ ಇದಕ್ಕೆ ಅಮೆರಿಕದ ಸಾಕ್ಷಿಯೇ ಬೇಕಾಗಿಲ್ಲ. ಬೆಂಗಳೂರಿನಲ್ಲಿ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. 1924ರಿಂದ ಇದೆ, ಸೋಮವಾರ ರಜೆ. ಬಸವನಗುಡಿಯ ವಿದ್ಯಾರ್ಥಿ ಭವನ 1943ರದ್ದು, ಶುಕ್ರವಾರ ರಜೆ, ಮಧ್ಯಾಹ್ನವೂ ಕೆಲವು ಗಂಟೆ ಬಾಗಿಲು ಹಾಕುತ್ತದೆ. ನಮ್ಮ ಮಾಟುಂಗಾದ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗಿಗೂ ಸೋಮವಾರ ರಜೆ. ಇವರ ಬಾಗಿಲಲ್ಲಿ ಸಾಲು ಕಡಿಮೆಯಾಯಿತೇ? ರಜೆಯ ದಿನ ಯಾವುದೆಂದು ಗಿರಾಕಿಗೇ ಬಾಯಿಪಾಠ. ಕಣ್ಣ ಮುಂದೆ ಇದ್ದದ್ದು ನಮಗೆ ಕಾಣಲು ವೇಕೋಗೆ ಹೋಗಬೇಕಾಯಿತು.

ಮಹಾರಾಷ್ಟ್ರದ 2017ರ ಅಂಗಡಿ ಕಾಯಿದೆಯ ಪ್ರಕಾರ ವರ್ಷದ 365 ದಿನವೂ ತೆರೆದಿಡಬಹುದು, ಆದರೆ ಪ್ರತಿ ಕೆಲಸಗಾರನಿಗೆ ವಾರಕ್ಕೊಂದು ರಜೆ ಕೊಡಲೇಬೇಕು. ಸರದಿಯಲ್ಲಿ ಕೊಡುತ್ತೇವೆ. ದೋಸೆ ಭಟ್ಟರ ಸರದಿ ಬಂದ ದಿನ ದೋಸೆ ಕಲ್ಲಿನ ಮುಂದೆ ನಿಲ್ಲುವವರು ಯಾರು? ನಾವೇ. ಮಾಲೀಕನಿಗೆ ರಜೆ ಕೊಡುವ ಕಾಯಿದೆ ಯಾರೂ ಮಾಡಿಲ್ಲ, ಅದನ್ನು ನಾವೇ ಮಾಡಿಕೊಳ್ಳಬೇಕು.

ವಾಪಸು ಬಂದ ಮೇಲೆ ಮೂರು ತಿಂಗಳ ಲೆಕ್ಕದ ಪುಸ್ತಕ ತೆಗೆದು ನೋಡಿದೆವು. ನಮ್ಮಲ್ಲಿ ಸೋಮವಾರ ಸಂಜೆಯ ವ್ಯಾಪಾರ ಶನಿವಾರ ಸಂಜೆಯ ಅರ್ಧಕ್ಕೂ ಕಡಿಮೆ. ಗ್ಯಾಸು, ಕರೆಂಟು, ಉಳಿದು ಹುಳಿಯಾಗುವ ಹಿಟ್ಟು ಕಳೆದರೆ ಕೈಗೆ ಬರುವುದು ಅತ್ಯಲ್ಪ. ಇಷ್ಟಕ್ಕಾಗಿ 32 ವರ್ಷದ ಸೋಮವಾರ ಸಂಜೆಗಳನ್ನು ಕೊಟ್ಟೆವಲ್ಲ ಎಂದು ಬೇಸರವಾಯಿತು.

ಸಂಘದ ಪದಾಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮುಂದಿನ ಮಹಾಸಭೆಯಲ್ಲಿ ವಾರದ ರಜೆಯ ವಿಷಯ ಚರ್ಚೆಗೆ ಇಡಿ. ಒಂದೇ ಪೇಟೆಯ ಹೋಟೆಲುಗಳೆಲ್ಲ ಒಂದೇ ದಿನ ಮುಚ್ಚಬೇಕಾಗಿಲ್ಲ. ಇವರು ಸೋಮವಾರ, ಅವರು ಮಂಗಳವಾರ ಎಂದು ಹಂಚಿಕೊಂಡರೆ ಗಿರಾಕಿಗೂ ತೊಂದರೆ ಇಲ್ಲ, ಯಾರ ಗಿರಾಕಿಯನ್ನು ಯಾರೂ ಕಸಿದಂತೆಯೂ ಆಗದು. ಪೂರ್ತಿ ದಿನ ಕಷ್ಟವೆನ್ನುವವರು ಮೂರು ಗಂಟೆಯ ನಂತರ ಮುಚ್ಚಲಿ.

ನಾವಂತೂ ಬರುವ ವಿಜಯದಶಮಿ ಕಳೆದ ಮೊದಲ ಸೋಮವಾರದಿಂದ ಮೂರಕ್ಕೆ ಬಾಗಿಲು ಹಾಕಲು ನಿಶ್ಚಯಿಸಿದ್ದೇವೆ. ಬೋರ್ಡು ಬರೆಸಲು ಕೊಟ್ಟಾಗಿದೆ. ಆರು ತಿಂಗಳ ನಂತರ ಲೆಕ್ಕವನ್ನು ಇದೇ ಪತ್ರಿಕೆಯಲ್ಲಿ ಬರೆಯುತ್ತೇವೆ. ನಷ್ಟವಾಗಿದ್ದರೆ ಅದನ್ನೂ ಮುಚ್ಚಿಡದೆ ಬರೆಯುತ್ತೇವೆ.