ಮಾತಿಗೂ ಮಾತಿಗೂ ಎಷ್ಟು ದೂರ?

ಬೀದರಿನಿಂದ ಔರಾದಿಗೆ ಎಷ್ಟು ದೂರ? ಬಸ್ಸಿನ ಕಂಡಕ್ಟರನ್ನು ಕೇಳಿದರೆ ಸಾಕು. ಭಾಲ್ಕಿಯ ಮೇಲೆ ಸುತ್ತಿ ಹೋದರೆ ಆ ದೂರ ನೇರ ದಾರಿಗಿಂತ ಕಡಿಮೆಯಾಗದು. ‘ದೂರ’ ಎಂಬುದಕ್ಕೆ ಗಣಿತ ಹಾಕಿರುವ ಕರಾರುಗಳಲ್ಲಿ ಇದೂ ಒಂದು. ಹಾಗಾದರೆ ಕನ್ನಡದಿಂದ ಮರಾಠಿಗೆ ಎಷ್ಟು ದೂರ? ಅದನ್ನೂ ಅಳೆಯಬಹುದು.

1965ರಲ್ಲಿ ಸೋವಿಯತ್ ಗಣಿತಜ್ಞ ಲೆವೆನ್‌ಷ್ಟೈನ್ ಸರಳವಾದ ಒಂದು ಅಳತೆ ಕೊಟ್ಟರು. ಒಂದು ಸಾಲನ್ನು ಇನ್ನೊಂದಾಗಿ ಮಾಡಲು ಕನಿಷ್ಠ ಎಷ್ಟು ಸಲ ಸೇರಿಸಬೇಕು, ತೆಗೆಯಬೇಕು ಇಲ್ಲವೆ ಬದಲಿಸಬೇಕು? ಆ ಸಂಖ್ಯೆಯೇ ದೂರ. ತೆಲುಗಿನ ‘ಪಾಲು’ ನಮ್ಮ ‘ಹಾಲು’ ಆಗಲು ಒಂದೇ ಬದಲಾವಣೆ, ದೂರ 1. ಮರಾಠಿಯ ‘ದೂಧ’ ಹಾಲಾಗಬೇಕಾದರೆ ಏನೂ ಉಳಿಯುವುದಿಲ್ಲ!

ಇದು ಪದಗಳ ಮಾತಾಯಿತು. ವಾಕ್ಯದ ಕಟ್ಟನ್ನು ಅಳೆಯಲು ಪದಗಳನ್ನು ಮರೆತು ಅವುಗಳ ಸ್ಥಾನಕ್ಕೆ ಅಂಕಿ ಕೊಡಿ. ‘ನಾನು ನಾಳೆ ಭಾಲ್ಕಿಗೆ ಹೋಗುತ್ತೇನೆ’ ಎಂಬುದು 1-2-3-4 ಎನ್ನೋಣ. ಮರಾಠಿಯ ‘ಮೀ ಉದ್ಯಾ ಭಾಲ್ಕೀಲಾ ಜಾಈನ’ ಕೂಡ 1-2-3-4. ನಮ್ಮ ಓಣಿಯ ದಖನಿಯಲ್ಲಿ ‘ಮೈ ಕಲ್ ಭಾಲ್ಕಿಕು ಜಾತೂಂ’, ಅದೂ ಹಾಗೆಯೇ. ಇಂಗ್ಲಿಷಿನ ‘ಐ ವಿಲ್ ಗೋ ಟು ಭಾಲ್ಕಿ ಟುಮಾರೋ’ ಮಾತ್ರ 1-4-3-2. ಪಕ್ಕಪಕ್ಕದ ಅಂಕಿಗಳನ್ನು ಅದಲುಬದಲು ಮಾಡುತ್ತ ಇದನ್ನು ನೆಟ್ಟಗೆ ಮಾಡಲು ಮೂರು ಸಲ ಬೇಕು. ನಾಲ್ಕು ಅಂಕಿಗಳಲ್ಲಿ ಈ ದೂರ ಹೆಚ್ಚೆಂದರೆ 6. ಮೊರಿಸ್ ಕೆಂಡಾಲ್ 1938ರಲ್ಲಿ ಕೊಟ್ಟ ಅಳತೆಯ ತಿರುಳು ಇದೇ ಎಣಿಕೆ.

ಅಂದರೆ ಪದಗಳು ಬೇರೆ ಬೇರೆಯಾದರೂ ನಮ್ಮ ಮೂರು ಮಾತುಗಳ ನಡುವೆ ಈ ವಾಕ್ಯದ ಮಟ್ಟಿಗೆ ಕ್ರಮದ ದೂರ ಸೊನ್ನೆ. ಗಡಿನಾಡಿನಲ್ಲಿ ಇದು ಇನ್ನೂ ಮುಂದೆ ಹೋಗುತ್ತದೆ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಬೆರೆತು ಬಾಳಿದ್ದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರ ಪ್ರಬಂಧವೊಂದರಲ್ಲಿ ವಿವರಿಸಿದರು. ‘ಇದು ನಿಮ್ಮ ಮನೆ’ ಎಂಬ ಪುಸ್ತಕದ ಕನ್ನಡಕ್ಕೆ ಕ್ರಿಯಾಪದ ಬೇಡ. ಮರಾಠಿಗೆ ಬೇಕು: ‘ಹೇ ತುಮಚೇ ಘರ ಆಹೇ’. ಒಂದು ಸೇರ್ಪಡೆ, ದೂರ 1. ಕುಪವಾಡದ ಕನ್ನಡದಲ್ಲಿ ‘ಮನಿ’ಯ ಮುಂದೆ ‘ಐತಿ’ ಬಂದು ಕೂತಿದೆ, ದೂರ ಸೊನ್ನೆ! ಇದು ಒಂದು ಕಡೆಯ ಸಾಲವಲ್ಲ. ಉರ್ದುವಿನಲ್ಲಿ ನದಿ ಸ್ತ್ರೀಲಿಂಗ, ಆದರೆ ಅಲ್ಲಿಯ ಉರ್ದುವಿನಲ್ಲಿ ‘ನದಿ ಆಯಾ’. ಮನುಷ್ಯರಲ್ಲದ್ದಕ್ಕೆ ಹೆಣ್ಣುಗಂಡೆಂಬ ಭೇದ ಮಾಡದಿರುವುದು ಕನ್ನಡದ ಪಾಠ.

ನಮ್ಮಲ್ಲಿಯೂ ‘ಇದು ನಮ್ಮ ಮನಿ ಅದ’ ಎನ್ನುವುದಿಲ್ಲವೆ? ಪರೀಕ್ಷೆಯಲ್ಲಿ ಆ ‘ಅದ’ ಬಿಟ್ಟು ಬರೆಯಬೇಕು, ಸರಿ. ಆದರೆ ಅದನ್ನು ಆಡಿದ ಮಗುವನ್ನು ಗದರಿಸಬೇಡಿ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಎರಡೂ ಕೆಟ್ಟಾವು ಎಂದು ಔರಾದ ಕಡೆಯ ಪೋಷಕರು ಅಂಜುವುದುಂಟು. ಪದಗಳನ್ನು ಕಲಿಯಬೇಕು, ನಿಜ. ವಾಕ್ಯದ ಚೌಕಟ್ಟು ಬಹುಪಾಲು ಮಗುವಿನ ಬಳಿ ಆಗಲೇ ಇದೆ. ತಿರುಗುಮುರುಗಿನ ಶ್ರಮ ಇರುವುದು ಇಂಗ್ಲಿಷಿನಲ್ಲಿ.

ವಿದ್ಯಾರ್ಥಿಗಳಿಗೆ ಒಂದು ತೊಡಕು: ‘ನಾಳೆ ನಾನು ಭಾಲ್ಕಿಗೆ ಹೋಗುತ್ತೇನೆ’ ಎಂಬುದೂ ಒಳ್ಳೆಯ ಕನ್ನಡವೇ. ಇದು 2-1-3-4. ಕನ್ನಡಕ್ಕೂ ಕನ್ನಡಕ್ಕೂ ದೂರ 1 ಬಂತಲ್ಲ, ಏನು ಮಾಡೋಣ?