ದಾನಶಾಸನವಿಲ್ಲದ ಪಾಠಗಳು

ಕಳೆದ ವರ್ಷ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಒಪ್ಪಿಸಿದ ಅಸೈನ್‌ಮೆಂಟಿನಲ್ಲಿ, ಗಂಗರಾಜ ದಂಡನಾಯಕನು ಬಿಂಡಿಗನವಿಲೆಯನ್ನು ದತ್ತಿ ಬಿಟ್ಟ ವರ್ಷ 1181 ಎಂದಿತ್ತು. ಗಂಗರಾಜನು ವಿಷ್ಣುವರ್ಧನನ ಕಾಲದವನು. ತಲಕಾಡನ್ನು ಚೋಳರಿಂದ ಗೆದ್ದುಕೊಟ್ಟವನು. 1133ರ ವೇಳೆಗೆ ತೀರಿಕೊಂಡವನು. ವೀರಬಲ್ಲಾಳನ ಆಳ್ವಿಕೆಯಲ್ಲಿ ಅವನು ಎದ್ದುಬಂದು ದಾನ ಮಾಡುವುದು ಹೇಗಮ್ಮ ಎಂದು ಕೇಳಿದೆ. ಆಕೆ ಅಂಜದೆ ಮೊಬೈಲು ತೆರೆದು ಒಂದು ಪಿಡಿಎಫ್ ತೋರಿಸಿ, “ಎಲ್ಲ ಕಡೆ ಹೀಗೇ ಇದೆ ಸರ್” ಎಂದಳು. ಅದರ ಮೇಲೆ ಬರೆದವರ ಹೆಸರಿರಲಿಲ್ಲ. ಎರಡು ವಾಕ್ಯ ಓದುವಷ್ಟರಲ್ಲಿ ಅದು ನನ್ನದೇ ಟಿಪ್ಪಣಿಯೆಂದು ತಿಳಿಯಿತು. ಕಂಬದಹಳ್ಳಿಯ ಪಂಚಕೂಟ ಬಸದಿಯನ್ನು ಕುರಿತು ಕೆಲವು ವರ್ಷಗಳ ಹಿಂದೆ ಬರೆದುಕೊಟ್ಟದ್ದು. 1118 ಆಗಬೇಕಾದದ್ದು ಬೆರಳಚ್ಚಿನಲ್ಲಿ ತಿರುವುಮುರುವಾಗಿ 1181 ಆಗಿತ್ತು. ಮರುವರ್ಷವೇ ತಿದ್ದಿದ್ದೆ. ತಿದ್ದುವ ಮುನ್ನಿನ ಪ್ರತಿ ಮಾತ್ರ ನಾಗಮಂಗಲದಿಂದ ಕೃಷ್ಣರಾಜಪೇಟೆಗೆ, ಅಲ್ಲಿಂದ ಪಾಂಡವಪುರ, ಶ್ರೀರಂಗಪಟ್ಟಣಗಳಿಗೆ ವಾಟ್ಸಪ್ಪಿನ ಮೇಲೆ ಸಂಚರಿಸುತ್ತ ತಲೆಬರಹದ ಹೆಸರನ್ನು ಎಲ್ಲಿಯೋ ಕಳೆದುಕೊಂಡು ನನ್ನೆದುರಿಗೇ ಬಂದು ನಿಂತಿತ್ತು.

ಈ ಪ್ರಸಂಗವನ್ನು ಹೇಳಿದಾಗ ಸಹೋದ್ಯೋಗಿಗಳು ಕೊಟ್ಟ ಸಲಹೆ ಒಂದೇ: ಕಡತಕ್ಕೆ ಬೀಗ ಹಾಕಿ, ಯಾರೂ ನಕಲು ಮಾಡದಂತೆ, ತಿದ್ದದಂತೆ ಮಾಡಿ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ಟಿಪ್ಪಣಿ ಕೈಬಿಟ್ಟು ಹೋದದ್ದು ತಪ್ಪಲ್ಲ. ಅದನ್ನು ನಾನು ಶಾಸನವಿಲ್ಲದೆ ಕೈಬಿಟ್ಟದ್ದು ತಪ್ಪು.

ಶಾಸನವೆಂಬ ಮಾತನ್ನು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ನಮ್ಮ ದಾನಶಾಸನಗಳನ್ನು ಓದಿದವರಿಗೆ ಗೊತ್ತು: ಕೊಟ್ಟವನಾರು, ಪಡೆದವನಾರು, ಕೊಟ್ಟದ್ದರ ಎಲ್ಲೆ ಯಾವುದು, ಅದರ ಮೇಲೆ ಪಡೆದವನಿಗೆ ಯಾವ ಯಾವ ಹಕ್ಕು ಎಂಬುದೆಲ್ಲ ಕಲ್ಲಿನ ಮೇಲೆ ಸ್ಪಷ್ಟವಾಗಿರುತ್ತದೆ. ವಿಜಯನಗರದ ಕಾಲದ ಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಅಷ್ಟಭೋಗಗಳನ್ನು ಹೆಸರಿಸಿಯೇ ಕೊಡುತ್ತಾರೆ. ಇವುಗಳಲ್ಲಿ ‘ಆಗಾಮಿ’ ಎಂಬುದು ನನಗೆ ಪ್ರಿಯವಾದುದು; ಆ ಭೂಮಿಯಿಂದ ಮುಂದೆ ಏನು ಬರಬಹುದೋ ಅದರ ಮೇಲಿನ ಹಕ್ಕು. ಇಂದು ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂದು ನಾವು ಕರೆಯುವುದರ ತಿರುಳೂ ಇದೇ. 2002ರಲ್ಲಿ ಯುನೆಸ್ಕೋದ ಸಭೆಯೊಂದರಲ್ಲಿ ಈ ಹೆಸರು ಹುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಹೊರಬಂದವು. ಡೇವಿಡ್ ವೈಲಿ ಎಂಬ ಅಮೆರಿಕದ ವಿದ್ವಾಂಸರು ಹೇಳುವಂತೆ ಮುಕ್ತವಾದ ಪಾಠದ ಮೇಲೆ ಪಡೆದವನಿಗೆ ಐದು ಹಕ್ಕು: ಇಟ್ಟುಕೊಳ್ಳುವುದು, ಬಳಸುವುದು, ತಿದ್ದುವುದು, ಬೇರೆಯದರೊಡನೆ ಬೆರೆಸುವುದು, ಮರಳಿ ಹಂಚುವುದು. ಬಿಟ್ಟಿಯಾಗಿ ಸಿಕ್ಕಿದ್ದೆಲ್ಲ ಮುಕ್ತವಲ್ಲ. ಅಂತರಜಾಲದಲ್ಲಿ ಕಾಸಿಲ್ಲದೆ ಇಳಿಸಿಕೊಳ್ಳಬಹುದಾದ ಕನ್ನಡದ ಪಿಡಿಎಫ್‌ಗಳಲ್ಲಿ ಬಹುಪಾಲು ಮೊದಲ ಎರಡನ್ನು ಮೌನವಾಗಿ ಕೊಡುತ್ತವೆ. ಉಳಿದ ಮೂರರ ಮಾತೇ ಇರುವುದಿಲ್ಲ. ‘ಮುಕ್ತ ವಿಶ್ವವಿದ್ಯಾಲಯ’ ಎಂಬಲ್ಲಿನ ಮುಕ್ತವೂ ಬೇರೆ. ಅದು ಪ್ರವೇಶಕ್ಕೆ ಸಂಬಂಧಿಸಿದ್ದು. ಈ ಎರಡನ್ನೂ ನಮ್ಮ ಸಂಶೋಧನ ವಿದ್ಯಾರ್ಥಿಗಳು ಆಗಾಗ ಬೆರೆಸಿಬಿಡುತ್ತಾರೆ.

ತಿದ್ದುವ ಹಕ್ಕು ಏಕೆ ಬೇಕು? ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಶಾಸನಗಳನ್ನೇ ತೆಗೆದುಕೊಳ್ಳೋಣ. ಬಿ.ಎಲ್. ರೈಸ್ ಇವುಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಮೂರು ಮತ್ತು ನಾಲ್ಕನೆಯ ಸಂಪುಟಗಳಲ್ಲಿ, 1894 ಮತ್ತು 1898ರಲ್ಲಿ, ಪ್ರಕಟಿಸಿದರು. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಅದು ಹುಟ್ಟಿದ್ದು 1939ರಲ್ಲಿ. ಸಂಪುಟಗಳ ಮೇಲೆ ಮೈಸೂರು ಜಿಲ್ಲೆಯೆಂದಿದೆ. ಪಾಂಡವಪುರವನ್ನು ಅಂದು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ತನ್ನೂರಿನ ಶಾಸನವನ್ನು ಹುಡುಕಹೊರಟ ಪಾಂಡವಪುರದ ಹುಡುಗನಿಗೆ ಮೊದಲ ಪುಟದಲ್ಲಿಯೇ ದಾರಿ ತಪ್ಪುತ್ತದೆ. ತಪ್ಪದೆ ಒಳಹೊಕ್ಕರೆ ಶಾಸನದ ಅರ್ಥ ಇಂಗ್ಲಿಷಿನಲ್ಲಿದೆ, ಅದೂ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷಿನಲ್ಲಿ. ಕನ್ನಡದ ಶಾಸನವನ್ನು ಕನ್ನಡದ ವಿದ್ಯಾರ್ಥಿ ಆ ಇಂಗ್ಲಿಷಿನ ಮೂಲಕ ಅರ್ಥಮಾಡಿಕೊಳ್ಳಬೇಕಾದ ಸ್ಥಿತಿಯನ್ನು ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಕಾಣುತ್ತಿದ್ದೇನೆ.

ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಇವುಗಳನ್ನು ಪರಿಷ್ಕರಿಸಿತು. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು ಆರನೆಯ ಸಂಪುಟದಲ್ಲಿ, 1977ರಲ್ಲಿ ಬಂದವು. ನಾಗಮಂಗಲದವು 1979ರ ಏಳನೆಯ ಸಂಪುಟದಲ್ಲಿ. ರೈಸ್ ಕೊಟ್ಟ ಸಂಖ್ಯೆಗಳು ಬದಲಾದವು, ಪಾಠಗಳು ತಿದ್ದಿದವು, ಹೊಸದಾಗಿ ದೊರೆತ ಶಾಸನಗಳು ಸೇರಿದವು. ನಾವು ಇಂದು ‘ಅಳವಡಿಸಿ ಮರುಬಳಸುವುದು’ ಎಂದು ಹೊಸ ಹೆಸರಿನಿಂದ ಕರೆಯುವುದನ್ನೇ ಆ ಸಂಪಾದಕರು ಅತ್ಯುತ್ತಮ ಮಟ್ಟದಲ್ಲಿ ಮಾಡಿದರು. ರೈಸರ ಕೆಲಸವನ್ನು ಕೆಡಿಸಿದರೆಂದು ಯಾರೂ ದೂರಲಿಲ್ಲ.

ಇನ್ನು ಮುಂದಿನ ಹೆಜ್ಜೆ ತರಗತಿಯದು. ಕಂಬದಹಳ್ಳಿಯ ಶಾಸನವನ್ನು ಪದವಿಯ ಮೊದಲ ವರ್ಷದವರಿಗೆ ಕಲಿಸಬೇಕಾದರೆ ಪದವಿಭಾಗ ಬೇಕು, ಹೊಸಗನ್ನಡದ ತಾತ್ಪರ್ಯ ಬೇಕು, ಬ್ರಹ್ಮಸ್ತಂಭದ ಚಿತ್ರ ಬೇಕು, ಹಳೆಯ ಸಂಖ್ಯೆಗೂ ಹೊಸ ಸಂಖ್ಯೆಗೂ ತಾಳೆಪಟ್ಟಿ ಬೇಕು. ಎಂ.ಎ. ತರಗತಿಗಾದರೆ ಇವುಗಳಲ್ಲಿ ಅರ್ಧವನ್ನು ತೆಗೆದು ಛಂದಸ್ಸು, ಗಣ-ಗಚ್ಛಗಳ ವಿವರ ಸೇರಿಸಬೇಕು. ಪಠ್ಯಕ್ರಮವಂತೂ ನಿಲ್ಲುವುದೇ ಇಲ್ಲ: 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಎಲ್ಲವನ್ನೂ ಹೊಸದಾಗಿ ಕಟ್ಟಿದೆವು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಪ್ರತಿ ಸಲವೂ ನಾಲ್ಕು ತಾಲ್ಲೂಕುಗಳ ಅಧ್ಯಾಪಕರು ತಮ್ಮ ತಮ್ಮ ಕೋಣೆಯಲ್ಲಿ ಕುಳಿತು ಒಂದೇ ಟಿಪ್ಪಣಿಯನ್ನು ಬೇರೆಬೇರೆಯಾಗಿ ಬೆರಳಚ್ಚು ಮಾಡಿದರು. ಒಬ್ಬರದು ಹಳೆಯ ನುಡಿ ಲಿಪಿಯಲ್ಲಿ. ಇನ್ನೊಬ್ಬರ ಯಂತ್ರದಲ್ಲಿ ತೆರೆದರೆ ಅದು ಯಾವ ಲಿಪಿಶಾಸ್ತ್ರಜ್ಞನೂ ಓದಲಾರದ ಬರಹ. ಯೂನಿಕೋಡಿನಲ್ಲಿ ಬರೆದವರು ೞಕಾರ ಕೀಲಿಮಣೆಯಲ್ಲಿ ಕಾಣದೆ ಳಕಾರ ಹಾಕಿದರು, ಱಕಾರಕ್ಕೆ ರಕಾರ. ಯೂನಿಕೋಡಿನ ಪಟ್ಟಿಯಲ್ಲಿಯೂ ೞಕಾರದ ಹೆಸರು ‘ಫ’ ಎಂದು ತಪ್ಪಾಗಿ ನಮೂದಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದ್ದರಿಂದ ಅದು ಹಾಗೆಯೇ ಉಳಿದಿದೆ. ತಿದ್ದಲು ಅವಕಾಶವಿಲ್ಲದ ಕಡೆ ತಪ್ಪು ಆಚಂದ್ರಾರ್ಕವಾಗುತ್ತದೆ.

ಕಾನೂನು ಎಲ್ಲಿ ನಿಂತಿದೆ? 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಪಾಠ ಹೇಳುವ ಸಂದರ್ಭದಲ್ಲಿ ಅಧ್ಯಾಪಕನೂ ವಿದ್ಯಾರ್ಥಿಯೂ ಕೃತಿಯನ್ನು ನಕಲು ಮಾಡಲು ಅವಕಾಶ ಕೊಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣದಲ್ಲಿ 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಆದರೆ ಆ ಆಸರೆ ತರಗತಿಯ ಕೆಲಸಕ್ಕೆ. ಪರಿಷ್ಕೃತ ಸಂಪುಟದ ಪುಟಗಳನ್ನು ಅಳವಡಿಸಿ ಲೋಕಕ್ಕೆಲ್ಲ ತೆರೆದಿಡಹೊರಟರೆ ಹಕ್ಕುದಾರರ ಅನುಮತಿ ಬೇಕೇ ಬೇಕು. ರೈಸ್ ತೀರಿಕೊಂಡದ್ದು 1927ರಲ್ಲಿ. ಅವರ ಸಂಪುಟಗಳು ಎಂದೋ ಸಾರ್ವಜನಿಕವಾಗಿವೆ. ಕಲ್ಲಿನ ಮೇಲಿನ ಪಾಠಕ್ಕೆ ಒಡೆಯರೇ ಇಲ್ಲ. ಆದರೆ 1977, 1979ರ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿ, ಅನುವಾದಗಳು ಇನ್ನೂ ಕೃತಿಸ್ವಾಮ್ಯದೊಳಗಿವೆ. ಆದ್ದರಿಂದ ತಪ್ಪುಗಳಿರುವ ಹಳೆಯ ಪಾಠ ಎಲ್ಲರಿಗೂ ದೊರೆಯುತ್ತದೆ, ತಿದ್ದಿದ ಪಾಠ ಗ್ರಂಥಾಲಯದ ಕಪಾಟಿನಲ್ಲಿರುತ್ತದೆ. ನನ್ನ 1181ರ ಕಥೆಯೇ ಇಲ್ಲಿ ದೊಡ್ಡದಾಗಿ ನಡೆಯುತ್ತಿದೆ.

ಇದಕ್ಕೆ ಪರಿಹಾರದ ಮಾದರಿ ಅದೇ ವಿಶ್ವವಿದ್ಯಾಲಯದಲ್ಲಿದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ನಿರಂಜನರ ಐವತ್ತೈದು ಕೃತಿಗಳನ್ನು ಅವರ ಕುಟುಂಬದವರು ಹಾಗೆಯೇ ಮುಕ್ತವಾಗಿಸಿದರು. ಅದಕ್ಕೆ ಒಂದು ವರ್ಷ ಮುಂಚೆ, 2013ರಲ್ಲಿ, ಪ್ರೌಢಶಾಲೆಯ ಅಧ್ಯಾಪಕರಿಗಾಗಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಹುಟ್ಟಿತು; ಅಲ್ಲಿ ಒಬ್ಬರು ಬರೆದ ಪಾಠವನ್ನು ಇನ್ನೊಬ್ಬರು ತಿದ್ದಬಹುದು, ತಿದ್ದಿದ್ದು ದಾಖಲೆಯಾಗಿ ಉಳಿಯುತ್ತದೆ. ವಿಶ್ವಕೋಶಕ್ಕೆ ತೋರಿದ ಔದಾರ್ಯವನ್ನು ವಿಶ್ವವಿದ್ಯಾಲಯ ಪರಿಷ್ಕೃತ ಶಾಸನ ಸಂಪುಟಗಳಿಗೂ ತೋರಬೇಕು. ಎಲ್ಲವೂ ಒಮ್ಮೆಗೇ ಆಗದಿದ್ದರೆ ಆರು ಮತ್ತು ಏಳರಿಂದ ತೊಡಗಲಿ ಎಂದು ಕೇಳುವುದರಲ್ಲಿ ನನ್ನ ತಾಲ್ಲೂಕಾಭಿಮಾನವೂ ಸ್ವಲ್ಪ ಇದೆ, ಮುಚ್ಚಿಡುವುದಿಲ್ಲ.

ಪಾಠ ಕೆಡುತ್ತದೆ ಎಂಬ ಭಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ಗ್ರಂಥಸಂಪಾದನೆಯನ್ನು ಓದಿದವರೆಲ್ಲರಿಗೂ ಆ ಭಯ ಇರಲೇಬೇಕು. ಆದರೆ ಬೀಗದಿಂದ ಪಾಠ ಉಳಿಯುತ್ತದೆಯೇ ಎಂಬುದಕ್ಕೆ ನಮ್ಮ ಜೈನ ಪರಂಪರೆಯಲ್ಲಿಯೇ ಒಂದು ಉತ್ತರವಿದೆ. ಷಟ್‌ಖಂಡಾಗಮ ಮತ್ತು ಅದರ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡಬಿದಿರೆಯಲ್ಲಿ ಮಾತ್ರ ಉಳಿದಿದ್ದವು; ಶತಮಾನಗಳ ಕಾಲ ಅವು ದರ್ಶನದ ವಸ್ತು, ಅಧ್ಯಯನದ ವಸ್ತುವಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರತಿಯೊಂದು ಭಂಡಾರದಿಂದ ಹೊರಬಂದು, ಪ್ರತಿಯ ಪ್ರತಿಯಾಗಿ ಉತ್ತರಭಾರತದಲ್ಲಿ ಹರಡಿತು. ಹೀರಾಲಾಲ್ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದುದು ಇಂಥ ಪ್ರತಿಗಳೇ. ಲಿಪಿ ಬದಲಾದಾಗ, ನಕಲಿನ ನಕಲಾದಾಗ ಏನೇನು ಸ್ಖಲಿತಗಳು ಸೇರುತ್ತವೆಯೋ ಅವೆಲ್ಲ ಅವುಗಳಲ್ಲಿ ಸೇರಿದ್ದವು. ಮುಂದಿನ ಸಂಪುಟಗಳ ಹೊತ್ತಿಗೆ ಮೂಡಬಿದಿರೆಯ ಮೂಲದೊಡನೆ ತಾಳೆ ನೋಡಲು ಅವಕಾಶ ದೊರೆಯಿತು. ಪಾಠಗಳು ತಿದ್ದಿದವು, ಪಾಠಾಂತರಗಳು ದಾಖಲಾದವು. ಕೆಡಿಸಿದ್ದು ಬೀಗದ ಹಿಂದಿನಿಂದ ನುಸುಳಿಬಂದ ನಕಲು. ಸರಿಪಡಿಸಿದ್ದು ತೆರೆದ ಬಾಗಿಲು. ಇಷ್ಟು ಹೇಳಿದ ಮೇಲೆ ಭಂಡಾರವನ್ನು ಅಷ್ಟು ಕಾಲ ಕಾದುಕೊಂಡವರಿಗೆ ಕೃತಜ್ಞತೆಯನ್ನೂ ಹೇಳಬೇಕು. ಅವರಿಲ್ಲದಿದ್ದರೆ ತೆರೆಯಲು ಬಾಗಿಲೇ ಇರುತ್ತಿರಲಿಲ್ಲ.

ಜೈನರು ಹೇಳುವ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ಈ ಮಾತು ಬಂದಾಗಲೆಲ್ಲ ನೆನೆಯುತ್ತೇವೆ. ನೆನೆಯಬೇಕಾದದ್ದೇ, ಆದರೆ ಆಕೆಯದು ಹಂಚುವ ಮಾದರಿ. ಅಳವಡಿಸುವ ಮಾದರಿಗೆ ಚಾವುಂಡರಾಯನ ಬಳಿಗೆ ಹೋಗಬೇಕು. ಜಿನಸೇನ-ಗುಣಭದ್ರರ ಸಂಸ್ಕೃತ ಮಹಾಪುರಾಣವನ್ನು ಕನ್ನಡ ಗದ್ಯಕ್ಕೆ ಇಳಿಸಿ, ಅದಕ್ಕೆ ಮುನ್ನ ಕಥೆ ಯಾರಿಂದ ಯಾರಿಗೆ ಬಂದಿತೆಂದು ಪೂರ್ವಾಚಾರ್ಯರನ್ನು ಹೆಸರಿಸಿದವನು ಅವನು. ನಮ್ಮ ನಾಲ್ಕು ತಾಲ್ಲೂಕುಗಳ ಸೀಮೆಯೂ ಈ ವಿಷಯದಲ್ಲಿ ಬಡವಲ್ಲ. ಶ್ರೀರಂಗಪಟ್ಟಣದಲ್ಲಿ ಚಿಕದೇವರಾಜನ ಆಸ್ಥಾನದಲ್ಲಿದ್ದ ಸಿಂಗರಾರ್ಯ ಹರ್ಷನ ರತ್ನಾವಳಿಯನ್ನು ಮಿತ್ರವಿಂದಾಗೋವಿಂದವಾಗಿ ಮಾರ್ಪಡಿಸಿದ್ದರಿಂದ ಕನ್ನಡಕ್ಕೆ ದೊರೆತಿರುವ ಮೊದಲ ನಾಟಕ ಉಂಟಾಯಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಹೆಸರಿನಲ್ಲಿ ಹೊತ್ತ ಬಿ.ಎಂ.ಶ್ರೀ. ಜೈನ ಕವಿ ರನ್ನನ ಕಾವ್ಯವನ್ನು ರಂಗಕ್ಕೆ ತಿರುಗಿಸಿ ಗದಾಯುದ್ಧ ನಾಟಕವೆಂದೇ ಕರೆದರು. ಹೆಸರಿನಲ್ಲಿಯೇ ಮೂಲ ಉಳಿಯಿತು.

ಯಾವ ಪರವಾನಗಿ ಎಂಬುದು ಉಳಿದ ಪ್ರಶ್ನೆ. ಗೈಡು ಅಚ್ಚು ಹಾಕುವವರು ನಮ್ಮ ಶ್ರಮವನ್ನು ಮಾರಿಕೊಳ್ಳುತ್ತಾರೆಂಬ ಆತಂಕದಿಂದ ‘ವ್ಯಾಪಾರಕ್ಕಲ್ಲ’ ಎಂಬ ಷರತ್ತನ್ನು ಹಲವರು ಬಯಸುತ್ತಾರೆ. ನನಗೆ ‘ಹೆಸರು ಹೇಳಿ, ಹಾಗೆಯೇ ಹಂಚಿ’ ಎಂಬುದೇ ಸಾಕೆನಿಸುತ್ತದೆ: ಗೈಡಿನವರು ಬಳಸಿಕೊಂಡರೆ ನನ್ನ ಹೆಸರನ್ನೂ ತಮ್ಮ ಬದಲಾವಣೆಯನ್ನೂ ಹೇಳಬೇಕು, ಅಳವಡಿಸಿದ ಪಾಠವನ್ನು ಅದೇ ಪರವಾನಗಿಯಲ್ಲಿ ಬಿಡಬೇಕು. ಸರ್ಕಾರದ ಸಂಬಳದಲ್ಲಿ ಬರೆದ ಟಿಪ್ಪಣಿಗೆ ಇದಕ್ಕಿಂತ ಹೆಚ್ಚಿನ ಬೇಲಿ ನ್ಯಾಯವಲ್ಲ. ‘ಬದಲಿಸಬೇಡಿ’ ಎಂಬ ಷರತ್ತು ಮಾತ್ರ ಪಾಠಸಾಮಗ್ರಿಗೆ ಒಗ್ಗುವುದಿಲ್ಲ. ಆಗಾಮಿಯನ್ನು ತಡೆದ ದತ್ತಿ ಅದು.

ಕಂಬದಹಳ್ಳಿಯ ಟಿಪ್ಪಣಿಯನ್ನು ಈಗ ಯೂನಿಕೋಡಿನಲ್ಲಿ, ತಿದ್ದಬಹುದಾದ ಕಡತವಾಗಿ ಮತ್ತೆ ಬಿಟ್ಟಿದ್ದೇನೆ. ಮೊದಲ ಪುಟದಲ್ಲಿ ನನ್ನ ಹೆಸರು, ಪರವಾನಗಿ, ಆಧಾರಗಳು. ಅದರ ಕೆಳಗೆ ಬದಲಾವಣೆಗಳ ಪಟ್ಟಿ. ಪಟ್ಟಿಯ ಮೊದಲ ಸಾಲು, ಹಿಂದಿನ ಪ್ರತಿಯ 1181 ತಪ್ಪು, 1118 ಎಂದು ಓದಿಕೊಳ್ಳಿ ಎಂಬುದು. ಶ್ರೀರಂಗಪಟ್ಟಣದ ಕಿರಿಯ ಅಧ್ಯಾಪಕರೊಬ್ಬರು ಅದನ್ನು ತೆಗೆದುಕೊಂಡು, ತಮ್ಮೂರಿನ ಆದಿನಾಥ ಬಸದಿಯ ಭಾಗವನ್ನು ಸೇರಿಸಿ, ನಾನು ಮಾಡಿದ್ದ ಪದವಿಭಾಗವನ್ನು ಎರಡು ಕಡೆ ಬದಲಿಸಿ, ಪಟ್ಟಿಯಲ್ಲಿ ತಮ್ಮ ಹೆಸರು ಬರೆದು ಕಳುಹಿಸಿದ್ದಾರೆ. ಒಂದು ಬದಲಾವಣೆಯನ್ನು ಒಪ್ಪಿದೆ. ಇನ್ನೊಂದರಲ್ಲಿ ಅವರು ತಪ್ಪಿದ್ದಾರೆಂದು ನನಗೆ ಈಗಲೂ ಅನಿಸುತ್ತದೆ. ಅವರಿಗೂ ನನ್ನ ಬಗ್ಗೆ ಹಾಗೆಯೇ ಅನಿಸುತ್ತದೆ. ಸದ್ಯಕ್ಕೆ ಎರಡೂ ಪಾಠಗಳು ಕಡತದಲ್ಲಿವೆ.