ಲಸಿಕೆಯೂ ನೆರೆಯವರೂ

2021ರ ಏಪ್ರಿಲ್ 28ರಂದು, 18 ವರ್ಷ ದಾಟಿದವರಿಗೆ ಕೋವಿಡ್ ಲಸಿಕೆಯ ನೋಂದಣಿ ತೆರೆಯಿತು. ಆರಂಭದಲ್ಲಿ ಕೋವಿನ್ ಜಾಲತಾಣದಲ್ಲೇ ಸರದಿ ಕಾದಿರಿಸಬೇಕಿತ್ತು. ಅಲ್ಲಿ ಕನ್ನಡ ಕಾಣಿಸಿಕೊಂಡದ್ದು ಜೂನ್‌ನಲ್ಲಿ. ವೈಟ್‌ಫೀಲ್ಡ್‌ನಲ್ಲಿ ಗಣಕಯಂತ್ರದ ಮುಂದೆ ಕುಳಿತವರಿಗೆ ಸರದಿ ದಕ್ಕಿತು. ಅವರ ಕಚೇರಿ ಕಾಯುವವರೂ ಮನೆಗೆಲಸದವರೂ ಕಾದರು.

ಲಸಿಕೆ ಪಡೆಯುವುದು ಪ್ರೀತಿಯ ಕ್ರಿಯೆಯೆಂದು ಅಂದಿನ ಜಗದ್ಗುರು ಫ್ರಾನ್ಸಿಸರು ಅದೇ ಆಗಸ್ಟ್‌ನಲ್ಲಿ ಸಾರಿದರು. ನಮ್ಮ ಚುಚ್ಚುಮದ್ದು ನೆರೆಯವರನ್ನೂ ಕಾಯುತ್ತದೆ, ನಿಜ. ಆದರೆ ಅವರಿಗೂ ಅದು ದೊರೆಯಿತೇ ಎಂದು ವಿಚಾರಿಸದ ಪ್ರೀತಿ ಅರ್ಧ ಪ್ರೀತಿಯೇ ಸರಿ. ಲಸಿಕೆ ಹಾಕಿಸಿಕೊಳ್ಳಿರೆಂದು ನಾವು ಉಪದೇಶಿಸಿದೆವು. ಮನೆಗೆಲಸದಾಕೆಯ ಹೆಸರು ನೋಂದಾಯಿಸಿದಿರಾ ಎಂದು ಕೇಳಲಿಲ್ಲ. ಈ ಲೋಪ ನಮ್ಮದು.

ಮುಂದೊಮ್ಮೆ ಅಂತಹ ಕಾಲ ಬಂದರೆ, ಮೊಬೈಲ್ ಬಲ್ಲ ಪ್ರತಿಯೊಂದು ಕುಟುಂಬವೂ ಅದನ್ನರಿಯದ ಒಂದು ಕುಟುಂಬದ ಹೆಸರನ್ನು ಮೊದಲು ಬರೆಸಲಿ.